ಅಂಗೈಯ ತೇವಾಂಶ

ಬೆವರು ಸುರಿಸಿ ದುಡಿಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಬೆವರದೆ ದುಡಿಯಬೇಕಾದ ಕೆಲಸವೂ ಒಂದಿದೆ. ಅದು ನನ್ನ ಪಾಲಿಗೇ ಬಂದಿದೆ. ಶಿಕಾರಿಪುರದ ಒಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನಾನು ಜೇಡಿಮಣ್ಣಿಗೆ ನೀರು ಹಾಕಿ ನಾದಿ, ಗಾಜಿನ ಮೇಲಿಟ್ಟು ಅಂಗೈಯಿಂದ ಹೊಸೆಯುತ್ತೇನೆ. ಹೊಸೆದಂತೆಲ್ಲ ತೇವ ಆರಿ, ಎಳೆ ಮೂರು ಮಿಲಿಮೀಟರ್ ದಪ್ಪಕ್ಕೆ ಬಂದಾಗ ಮುರಿಯಬೇಕು. ಆ ತುಂಡುಗಳನ್ನು ತೂಗಿ, ಓವನ್ನಿನಲ್ಲಿ ಒಣಗಿಸಿ, ಮರುದಿನ ಮತ್ತೆ ತೂಗಿದರೆ ಆ ಮಣ್ಣು ಎಷ್ಟು ತೇವದವರೆಗೆ ಹೇಳಿದಂತೆ ಕೇಳುತ್ತದೆ ಎಂದು ಗೊತ್ತಾಗುತ್ತದೆ. ನನ್ನ ಅಂಗೈ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಯಾರಾದರೂ ನೋಡುತ್ತಿದ್ದರೆ ಬೆವರುತ್ತದೆ. "ಧಾರೆ ಎರೆಯೋಕೆ ಮುಂಚೆನೇ ನಿಮ್ಮ ಕೈಲಿ ನೀರಿತ್ತು" ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಮಣ್ಣನ್ನು ಆರಿಸಬೇಕಾದ ಕೈ ಅದಕ್ಕೆ ನೀರುಣಿಸುತ್ತಾ ಕೂತರೆ ಪರೀಕ್ಷೆ ಮುಗಿಯುವುದಾದರೂ ಹೇಗೆ?

ಕಳೆದ ಬೇಸಿಗೆಯ ಕೊನೆಗೆ ಸೊರಬ ಕಡೆಯ ಹಳ್ಳಿಯೊಂದರಿಂದ ಕೆರೆ ಸಮಿತಿಯ ಶಾರದಮ್ಮ ಒಂದು ಚೀಲ ಮಣ್ಣು ತಂದರು. ಅವರೂರಿನ ಕೆರೆ ಏರಿ ಬಿರುಕು ಬಿಟ್ಟಿತ್ತು. ಏರಿಗೆ ಆ ಕೆರೆಯ ಮಣ್ಣೇ ಆಗುತ್ತದೆ ಎಂಬ ವರದಿ ಸಿಕ್ಕರೆ ಮಳೆಗೆ ಮೊದಲೇ ದುರಸ್ತಿ. ಇಲ್ಲವಾದರೆ ಏರಿ ಮಳೆಯ ಪಾಲು.

"ನೀವು ಮಾಡಿ, ನಾನು ನೋಡ್ತೀನಿ" ಎಂದು ಎದುರಿಗೇ ಸ್ಟೂಲು ಎಳೆದುಕೊಂಡು ಕೂತರು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ಎಳೆ ಮುರಿಯಲಿಲ್ಲ. ಉಂಡೆ ಮಾಡಿ ಮತ್ತೆ ಹೊಸೆದೆ. ಮತ್ತೆ ಉಂಡೆ, ಮತ್ತೆ ಎಳೆ. ಫ್ಯಾನು ಹಾಕುವಂತಿಲ್ಲ, ತೂಕದ ಯಂತ್ರದ ಅಂಕಿ ಕುಣಿಯುತ್ತದೆ. ಒಂದು ಗಂಟೆ ಕಳೆಯಿತು. ಭುಜ ಸೋತಿತು.

"ಎಂತದ್ರೀ ಇದು, ಶಾವಿಗೆ ಹೊಸೀತಿದೀರಾ? ನಂಗೆ ನಾಲ್ಕು ಗಂಟೆ ಬಸ್ಸಿದೆ ಮಾರಾಯ್ರೆ!"

"ಮಣ್ಣು ಬಹಳ ಜಿಗುಟು ಐತ್ರಮ್ಮಾ" ಎಂದೆ. ಈ ಸುಳ್ಳನ್ನು ರಿಜಿಸ್ಟರಿನಲ್ಲಿ ಬರೆಯಲಿಲ್ಲ, ಅಷ್ಟೇ ಸಮಾಧಾನ.

"ಕೊಡಿ ಇತ್ಲಾಗೆ" ಎಂದು ಉಂಡೆ ಕಿತ್ತುಕೊಂಡು ಹೊಸೆದರು. ನಾಲ್ಕೇ ನಿಮಿಷ. ಎಳೆ ಚೂರುಚೂರಾಯಿತು. "ತಗಳಿ, ತೂಕ ಮಾಡಿ."

ಆಸೆಯಾಯಿತು, ನಿಜ. ಆದರೆ ರಿಜಿಸ್ಟರಿನಲ್ಲಿ 'ಪರೀಕ್ಷಿಸಿದವರು' ಎಂಬ ಕಾಲಮ್ಮಿದೆ. ಮಾಡಿದ್ದನ್ನಷ್ಟೇ ಬರೆಯುವ ಕೆಟ್ಟ ಅಭ್ಯಾಸ ನನ್ನದು.

"ಇದು ನಡೆಯಂಗಿಲ್ರಮ್ಮಾ, ನಾನೇ ಮಾಡ್ಬೇಕು."

"ಮಣ್ಣು ಅದೇ ಅಲ್ವಾ?"

"ಮಣ್ಣು ಅದೇರೀ. ಕೈ ನಂದಾಗ್ಬೇಕು."

ಆಗ ಅವರ ಕಣ್ಣು ನನ್ನ ಅಂಗೈ ಮೇಲೆ ಬಿತ್ತು. ಟ್ಯೂಬ್‌ಲೈಟಿನಲ್ಲಿ ಅದು ಹೊಳೆಯುತ್ತಿತ್ತು. "ಓ, ಇದಾ ಸಮಾಚಾರ!" ಎಂದು ಎದ್ದರು. "ನಾನು ಆಚೆ ಕೂರ್ತೀನಿ. ಯಾರೂ ನೋಡಲ್ಲ. ಆರಾಮಾಗಿ ಮಾಡಿ." ಬಾಗಿಲನ್ನೂ ಅವರೇ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಕೈ ಆರಿತು, ಹೊಸ ಉಂಡೆಯ ಎಳೆ ಮುರಿಯಿತು, ಅವರಿಗೆ ಬಸ್ಸೂ ಸಿಕ್ಕಿತು.

ಉಳಿದ ಪರೀಕ್ಷೆಗಳೂ ಮುಗಿದವು. ಮಣ್ಣು ಏರಿಗೆ ಯೋಗ್ಯವಾಗಿತ್ತು. ಎರಡು ದಿನ ಬಿಟ್ಟು ಬಂದ ಶಾರದಮ್ಮನ ಎದುರಿಗೇ ವರದಿಯಲ್ಲಿ 'ಯೋಗ್ಯ' ಎಂದು ಷರಾ ಬರೆದು ಸಹಿ ಹಾಕಿದೆ. ಅಂಗೈ ತಾಗಿ ಸಹಿಯೂ ಷರಾವೂ ಕಲಸಿ ಒಂದೇ ನೀಲಿ ಮಚ್ಚೆಯಾಯಿತು.

ಅವರು ಕಾಗದವನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಗೋಡೆ ಕಡೆ ತಿರುಗಿ ಕೂತರು.

"ಇನ್ನೊಂದು ಪ್ರತಿ ತೆಗೀರಿ. ನೋಡಲ್ಲ, ಹಾಕಿ."