ನಾನು ನೋಡುವಾಗ ಮಾತ್ರ ಮಲಗಿದ ಗೋಸುಂಬೆ

ಯಾವುದನ್ನೂ ಅದರ ಪಾಡಿಗೆ ಬಿಡಲಾರದ ದುರ್ಗುಣವೊಂದು ನನಗೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಕಾರ್ಕಳದ ನಮ್ಮ ಮನೆಯ ಹಿತ್ತಲಲ್ಲಿ ಏಳು ವರ್ಷದವನಿದ್ದಾಗ ನಾಲ್ಕು ಅಲಸಂದೆ ಬೀಜ ಬಿತ್ತಿದ್ದೆ. ಮೊಳಕೆ ಬಂತೋ ಇಲ್ಲವೋ ಎಂದು ದಿನಕ್ಕೆ ಎರಡು ಸಲ ಅಗೆದು ನೋಡಿ, ಪುನಃ ಹೂಳುತ್ತಿದ್ದೆ. ಆರನೆಯ ದಿನ ಬೀಜಗಳು ನನ್ನ ಕಾಟ ತಾಳಲಾರದೆ ಕೊಳೆತುಹೋದವು. ಅಮ್ಮ ಕಡುಬು ಬೇಯಲು ಇಟ್ಟರೆ ಮುಚ್ಚಳ ಎತ್ತಿ ಇಣುಕದೆ ನನಗೆ ಸಮಾಧಾನವಿರಲಿಲ್ಲ. “ನಿನ್ನ ಕಣ್ಣು ಬಿದ್ದದ್ದು ಬೇಯುವುದೂ ಇಲ್ಲ, ಬೆಳೆಯುವುದೂ ಇಲ್ಲ” ಎಂದು ಅಮ್ಮ ಬೈಯುತ್ತಿದ್ದಳು. ಇಂಥವನು ದೊಡ್ಡವನಾಗಿ ಇನ್ನೇನಾದಾನು? ಮೇಷ್ಟ್ರಾದೆ.

ಐವತ್ತರ ದಶಕದ ಕೊನೆಯ ಮಾತು. ಕಟಪಾಡಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿ ಐದು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರರು ಬಂದು, ನನ್ನ ಪಾಠ ನೋಡಿ, ಅಡ್ಡಿಯಿಲ್ಲ ಎಂದು ಬರೆದರೆ ನಾನು ಉಳಿದೆ. ಇಲ್ಲವಾದರೆ ಟ್ರಂಕು ಹೊತ್ತುಕೊಂಡು ಕಾರ್ಕಳದ ಬಸ್ಸು ಹತ್ತಬೇಕು. ಯಾವ ಪಾಠ ಮಾಡುತ್ತೀರಿ ಎಂದು ಹೆಡ್‌ಮಾಸ್ಟರರು ಕೇಳಿದಾಗ ಸುಮ್ಮನೆ ‘ಗಾಳಿಯ ಒತ್ತಡ’ ಎಂದಿದ್ದರೆ ಆಗುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ದಾರಿಬದಿಯ ಬೇಲಿಯಲ್ಲಿ ನನಗೆ ಕಿರುಬೆರಳುದ್ದದ ಗೋಸುಂಬೆ ಮರಿಯೊಂದು ಸಿಕ್ಕಿತ್ತು. “ಸಾರ್, ಜೀವಂತ ಗೋಸುಂಬೆಯನ್ನೇ ತಂದು ತೋರಿಸುತ್ತೇನೆ! ಎರಡು ಕಣ್ಣು ಎರಡು ಕಡೆ ತಿರುಗುವುದು, ಮೈಯುದ್ದದ ನಾಲಿಗೆ, ಬಣ್ಣ, ಎಲ್ಲವೂ!” ಎಂದುಬಿಟ್ಟೆ. ಹೆಡ್‌ಮಾಸ್ಟರರು ಅದನ್ನೇ ಇನ್‌ಸ್ಪೆಕ್ಟರರಿಗೆ ಕಾಗದ ಬರೆದು ತಿಳಿಸಿಯೂ ಆಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಾನು ಆಗ ಸಿಸಿಲಿ ಬಾಯಿಯವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಗಂಡ ಮುಂಬಯಿಯಲ್ಲಿ ಹಡಗಿನ ಕೆಲಸಕ್ಕಿದ್ದರು. ಕೋಳಿಮರಿ ಮುಚ್ಚುವ ಬಿದಿರಿನ ಬುಟ್ಟಿಯೊಂದನ್ನು ಅವರೇ ಕೊಟ್ಟರು. ಒಂದು ಹೂಕುಂಡದಲ್ಲಿ ದಾಸವಾಳದ ಗೆಲ್ಲು ನೆಟ್ಟು, ಮರಿಯನ್ನು ಹತ್ತಿಸಿ, ಮೇಲೆ ಬುಟ್ಟಿ ಮುಚ್ಚಿದೆ. ಅದು ಗೆಲ್ಲನ್ನು ಹಿಡಿದುಕೊಂಡಿತು, ಬಾಲವನ್ನು ಸುರುಳಿ ಸುತ್ತಿತು, ಕಣ್ಣು ಮುಚ್ಚಿತು. ಹೊಸ ಜಾಗ, ದಣಿದಿರಬೇಕು ಎಂದುಕೊಂಡೆ. ಹತ್ತು ನಿಮಿಷ ಬಿಟ್ಟು ಬುಟ್ಟಿ ಎತ್ತಿದೆ. ನಿದ್ದೆ. ಇನ್ನು ಹತ್ತು ನಿಮಿಷ ಬಿಟ್ಟು ಎತ್ತಿದೆ. ನಿದ್ದೆ. ಮರುದಿನ ಹಾಡುಹಗಲಿನಲ್ಲೂ ನಿದ್ದೆಯೇ.

ಮೇಷ್ಟ್ರಾದವನು ಗಾಬರಿಯಾದಾಗ ಮಾಡುವ ಮೊದಲ ಕೆಲಸ ಹಾಜರಿ ಪುಸ್ತಕ ತೆರೆಯುವುದು. ನಾನೂ ಒಂದು ನೋಟುಬುಕ್ಕಿಗೆ ಗೀಟು ಹಾಕಿದೆ. ಹೊತ್ತು, ಕಣ್ಣು, ಬಣ್ಣ, ಷರಾ. ಶಾಲೆಗೆ ಹೊರಡುವ ಮುಂಚೆ ಮೂರು ಸಲ, ಮಧ್ಯಾಹ್ನ ಊಟಕ್ಕೆ ಬಂದಾಗ ಎರಡು ಸಲ, ಸಂಜೆ ಲೆಕ್ಕವಿಲ್ಲದಷ್ಟು ಸಲ ಬುಟ್ಟಿ ಎತ್ತಿ, ಅಡಿಕೋಲಿನಿಂದ ಗೆಲ್ಲನ್ನು ಮೆಲ್ಲಗೆ ತಟ್ಟಿ, ಮೂಗನ್ನು ಅದರ ಮೂಗಿಗೆ ತಾಗಿಸಿ ಪರೀಕ್ಷಿಸುತ್ತಿದ್ದೆ. ಪುಟಗಟ್ಟಲೆ ಒಂದೇ ಷರಾ: ‘ಕಣ್ಣು ಮುಚ್ಚಿದೆ.’ ಒಂದು ಭಾನುವಾರವಂತೂ ಚರ್ಚಿನಿಂದ ಮರಳಿದ ಸಿಸಿಲಿ ಬಾಯಿ ನಾನು ಬುಟ್ಟಿಯ ಮುಂದೆ ಮೊಣಕಾಲೂರಿದ್ದನ್ನು ಕಂಡು, ನಾನೂ ಪ್ರಾರ್ಥನೆಯಲ್ಲಿದ್ದೇನೆಂದು ತಿಳಿದು ಸದ್ದಿಲ್ಲದೆ ಒಳಗೆ ಹೋದರು.

ಊಟದ್ದು ಇನ್ನೊಂದು ಪಜೀತಿ. ನನ್ನ ಕೋಣೆಯಲ್ಲಿ ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಬಿಟ್ಟರೆ ಬೇರೇನೂ ಇಲ್ಲ; ಅಲ್ಲಿಗೆ ನೊಣವೂ ತಿರುಗಿ ನೋಡುತ್ತಿರಲಿಲ್ಲ. ಹೇಗೋ ಒಂದನ್ನು ಟವೆಲಿನಲ್ಲಿ ಹಿಡಿದು ಬುಟ್ಟಿಗೆ ಬಿಟ್ಟರೆ ಇವನು ಕಣ್ಣು ತೆರೆಯಬೇಕಲ್ಲ! ಆದರೂ ಆಶ್ಚರ್ಯವೆಂದರೆ, ವಾರ ಕಳೆದರೂ ಮರಿ ಬಡಕಲಾಗಲಿಲ್ಲ. ಬದಲಿಗೆ ಹೊಟ್ಟೆ ಗುಂಡಗಾಯಿತು. ಉಪವಾಸದಲ್ಲಿ ಹೊಟ್ಟೆ ಬೆಳೆಸುವ ವಿದ್ಯೆಯನ್ನು ನಾನು ಏಕಾದಶಿಯ ದಿನ ನಮ್ಮ ದೊಡ್ಡಪ್ಪನಲ್ಲಿ ಮಾತ್ರ ಕಂಡಿದ್ದೆ. ಅದರ ಜೊತೆಗೆ ಬುಟ್ಟಿಯಿಂದ ಒಂದು ವಾಸನೆ ಬರತೊಡಗಿತು. ಹುಟ್ಟಾ ಸಸ್ಯಾಹಾರಿಯಾದ ನನಗೆ ಅದು ಯಾವ ವಾಸನೆಯೆಂದು ತಿಳಿಯಲಿಲ್ಲ. ‘ಹೊಟ್ಟೆ ಉಬ್ಬರ. ದುರ್ವಾಸನೆ. ಒಳಗೆ ಕೊಳೆಯುತ್ತಿರಬಹುದು’ ಎಂದು ಕೆಂಪು ಮಸಿಯಲ್ಲಿ ಬರೆದೆ. ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಬೇಲಿಯಲ್ಲಿ ಹಾಯಾಗಿದ್ದ ಜೀವವನ್ನು ನನ್ನ ಜಂಬಕ್ಕಾಗಿ ತಂದು ಕೊಲ್ಲುತ್ತಿದ್ದೇನಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಮರಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ತೂತು ಕೊರೆದು, ಬಸ್ಸಿನಲ್ಲಿ ಉಡುಪಿಗೆ ಹೋದೆ. ದಾರಿಯುದ್ದಕ್ಕೂ ಮುಚ್ಚಳ ತೆರೆದು ನೋಡಿದೆ ಎಂದು ಬೇರೆ ಹೇಳಬೇಕಾಗಿಲ್ಲ. ದನದ ಡಾಕ್ಟರು ಕನ್ನಡಕ ಏರಿಸಿ ಡಬ್ಬಿಯೊಳಗೆ ನೋಡಿದರು. “ಮಾಸ್ಟ್ರೇ, ನಾನು ಹಾಲು ಕೊಡುವವಕ್ಕೆ ಮತ್ತು ಗಾಡಿ ಎಳೆಯುವವಕ್ಕೆ ಡಾಕ್ಟರು. ಇದು ಎರಡರಲ್ಲಿ ಎಂತ ಮಾಡ್ತದೆ?”

“ನಿದ್ದೆ ಮಾಡುತ್ತದೆ” ಎಂದೆ.

“ಹಾಗಾದರೆ ಸ್ವಲ್ಪ ವಿಶ್ರಾಂತಿ ಕೊಟ್ಟು ನೋಡಿ” ಎಂದರು. ಮಲಗಿಯೇ ಇರುವ ಪ್ರಾಣಿಗೆ ಇನ್ನೂ ವಿಶ್ರಾಂತಿಯಂತೆ! ಈ ಮನುಷ್ಯನಿಗೆ ಎಂಥ ವಿದ್ಯೆ ಎಂದು ಗೊಣಗುತ್ತಾ ಬಸ್ಸು ಹತ್ತಿದೆ.

ಇನ್‌ಸ್ಪೆಕ್ಟರರು ಬರುವ ಹಿಂದಿನ ಸಂಜೆ ನಾನು ಅಂಗಳದಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಸಿಸಿಲಿ ಬಾಯಿ ಒಣಮೀನು ಹರವಿದ್ದ ಚಾಪೆ ಮಡಚುತ್ತಾ, “ಎಂತ ಮಾಸ್ಟ್ರೇ, ಮುಖ ಸಣ್ಣದಾಗಿದೆ?” ಎಂದು ವಿಚಾರಿಸಿದರು. ಹೇಳಿದೆ.

“ಅಯ್ಯೋ, ಅದಕ್ಕೆ ಕಾಯಿಲೆ ಎಂತದ್ದೂ ಇಲ್ಲ ಮಾರಾಯ್ರೆ! ನೀವು ಶಾಲೆಗೆ ಹೋದ ಮೇಲೆ ಬುಟ್ಟಿ ಸಮೇತ ಕುಂಡವನ್ನು ನಾನು ಈ ಚಾಪೆಯ ಹತ್ತಿರ ತಂದಿಡ್ತೇನೆ. ಮೀನಿಗೆ ನೊಣ ಬರ್ತದಲ್ವಾ? ಪಟಪಟ ಅಂತ ಹಿಡಿದು ತಿಂತದೆ. ಎಷ್ಟು ಚಂದ ಗೊತ್ತುಂಟಾ! ಗೇಟಿನಲ್ಲಿ ನಿಮ್ಮ ಕೊಡೆ ಕಂಡ ಕೂಡಲೇ ಕಣ್ಣು ಮುಚ್ತದೆ.”

ನನ್ನ ವಿಜ್ಞಾನಕ್ಕೆ ಪೆಟ್ಟು ಬಿತ್ತು. “ಬಾಯಿ, ಕಣ್ಣಾರೆ ಕಂಡದ್ದನ್ನು ಮಾತ್ರ ನಾನು ನಂಬುವುದು” ಎಂದೆ.

“ನೀವು ಕಾಣುವಾಗಲೇ ಅದು ಮಲಗುವುದು ಅಂತ ಅಲ್ವಾ ನಾನು ಹೇಳುವುದು?” ಎಂದು ಅವರು ಚಾಪೆ ಎತ್ತಿಕೊಂಡು ಒಳಗೆ ಹೋದರು.

ಮರುದಿನ ತರಗತಿಯಲ್ಲಿ, ಮೇಜಿನ ಮೇಲಿನ ಹೂಕುಂಡದ ಗೆಲ್ಲಿನಲ್ಲಿ ಗೋಸುಂಬೆ ಮಲಗಿತ್ತು. ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರರು. “ಇದರ ಕಣ್ಣುಗಳು ಎತ್ತ ಬೇಕಾದರೂ ತಿರುಗುತ್ತವೆ” ಎಂದೆ. ಕಣ್ಣು ಮುಚ್ಚಿತ್ತು. “ಇದರ ನಾಲಿಗೆ ಮಿಂಚಿನಂತೆ ಚಿಮ್ಮುತ್ತದೆ” ಎಂದೆ. ಬಾಯಿ ಮುಚ್ಚಿತ್ತು. ಹುಡುಗರು ತಲೆ ತಗ್ಗಿಸಿ ಕೂತಿದ್ದರು, ಇಬ್ಬರು ತೂಕಡಿಸುತ್ತಿದ್ದರು. “ಮಾಸ್ಟ್ರೇ, ಅದಕ್ಕೆ ಜೀವ ಉಂಟಾ?” ಎಂದು ಇನ್‌ಸ್ಪೆಕ್ಟರರು ಕೇಳಿದರು. ಅಷ್ಟರಲ್ಲಿ ಹೆಡ್‌ಮಾಸ್ಟರರು ಬಾಗಿಲಲ್ಲಿ ಸನ್ನೆ ಮಾಡಿ ಕರೆದರು. ಇನ್‌ಸ್ಪೆಕ್ಟರರಿಗೆ ಎಳನೀರು ತರಲು ಹೋದ ಜವಾನನ ಪತ್ತೆಯಿಲ್ಲ, ಓಡಿ ನೋಡಿ ಎಂದರು. ಓಡಿದೆ. ಹಾಗೆಯೇ ಬಸ್‌ಸ್ಟ್ಯಾಂಡಿನವರೆಗೂ ಓಡಿಬಿಡೋಣ ಎನ್ನಿಸಿತ್ತು.

ಹತ್ತು ನಿಮಿಷದ ಮೇಲೆ ಎಳನೀರು ಹಿಡಿದು ಬಂದಾಗ ತರಗತಿಯಲ್ಲಿ ಗದ್ದಲ. ಕಿಟಕಿಯಿಂದ ನೋಡಿದೆ. ಹುಡುಗರೆಲ್ಲ ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಗೋಸುಂಬೆ ಹಸಿರು ಮಿಂಚುತ್ತಾ ಗೆಲ್ಲಿನ ಮೇಲೆ ನಡೆಯುತ್ತಿತ್ತು. ಐದು ತಿಂಗಳಲ್ಲಿ ನನ್ನೆದುರು ಬಾಯಿಯೇ ತೆರೆಯದಿದ್ದ ಹಿಂದಿನ ಬೆಂಚಿನವನೊಬ್ಬ ಇನ್‌ಸ್ಪೆಕ್ಟರರಿಗೆ ವಿವರಿಸುತ್ತಿದ್ದ: “ನೋಡಿ ಸಾರ್, ಒಂದು ಕಣ್ಣು ನಿಮ್ಮನ್ನು ನೋಡ್ತಾ ಉಂಟು, ಇನ್ನೊಂದು ಬಾಗಿಲನ್ನು.”

ನಾನು ಬಾಗಿಲಲ್ಲಿ ಕಾಲಿಟ್ಟೆ. ಆ ಕಣ್ಣು ನನ್ನನ್ನು ಕಂಡಿತು. ಎರಡೂ ಕಣ್ಣು ಮುಚ್ಚಿದವು. ಹುಡುಗರು ಬೆಂಚುಗಳಿಗೆ ಮರಳಿ ತಲೆ ತಗ್ಗಿಸಿದರು.

ಇನ್‌ಸ್ಪೆಕ್ಟರರು ಬರೆದದ್ದು ನನಗಿನ್ನೂ ಬಾಯಿಪಾಠ: ‘ವಿದ್ಯಾರ್ಥಿಗಳಿಗೆ ವಿಷಯ ಚೆನ್ನಾಗಿ ತಿಳಿದಿದೆ. ಖಾಯಂ ಮಾಡಬಹುದು. ಶಿಕ್ಷಕರು ಆಗಾಗ ತರಗತಿಯಿಂದ ಹೊರಗೆ ಹೋಗುವುದು ಒಳ್ಳೆಯದು.’

ಅದೇ ಸಂಜೆ ಮರಿಯನ್ನು ಅದರ ಬೇಲಿಗೆ ಬಿಟ್ಟೆ. ಇನ್ನು ನೋಡಬಾರದು ಎಂದು ನಿಶ್ಚಯಿಸಿ ಹೆಜ್ಜೆ ಎಣಿಸುತ್ತಾ ನಡೆದೆ. ಹನ್ನೆರಡು ಹೆಜ್ಜೆ ನಡೆದೆ. ಹದಿಮೂರನೆಯದಕ್ಕೆ ತಿರುಗಿದೆ. ಅದು ಬೇಲಿಯ ಮೇಲೆ ಒಂದು ಕಣ್ಣನ್ನು ನನ್ನತ್ತ ಇಟ್ಟುಕೊಂಡೇ ಇತ್ತು. ನಾನು ತಿರುಗಿದ್ದೇ ತಡ, ಮುಚ್ಚಿಕೊಂಡಿತು.

ಈಗ ಎಂಟು ವರ್ಷವಾಯಿತು. ಪ್ರತಿ ಪಾಠದ ನಡುವೆ ಸೀಮೆಸುಣ್ಣ ಮುಗಿಯಿತೆಂದು ಹೇಳಿ ಹೊರಗೆ ಹೋಗುತ್ತೇನೆ. “ನೀವು ಸೀಮೆಸುಣ್ಣ ತಿಂತೀರಾ ಎಂತ ಮಾರಾಯ್ರೆ?” ಎಂದು ಹೆಡ್‌ಮಾಸ್ಟರರು ಕೇಳುತ್ತಾರೆ. ಜಗಲಿಯಲ್ಲಿ ನಿಂತರೆ ಒಳಗೆ ಹುಡುಗರು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವುದು ಕೇಳಿಸುತ್ತದೆ. ಕಿವಿಗೆ ಬಹಳ ಹಿತ. ಇಣುಕಬಾರದು ಎಂದು ಗೋಡೆಗೆ ಬೆನ್ನು ಕೊಟ್ಟು ಹನ್ನೆರಡರವರೆಗೆ ಎಣಿಸುತ್ತೇನೆ. ಹದಿಮೂರಕ್ಕೆ ಇಣುಕುತ್ತೇನೆ. ತರಗತಿ ಮಲಗಿರುತ್ತದೆ.