ಹಿಂದಿನ ಬೀದಿಯ ರಬ್ಬರ್ ಯಂತ್ರಕ್ಕೆ ಖರೀದಿ ವಿಭಾಗದ ಮನವಿ

ಮಾನ್ಯ ಯಂತ್ರ ಮಹಾಶಯರೇ,

ತಗಡಿನ ಶೆಡ್ಡಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮೈತುಂಬ ಎಣ್ಣೆ ಬಳಿದುಕೊಂಡು ವಿರಾಜಮಾನರಾಗಿರುವ ತಮ್ಮ ಘನ ಸನ್ನಿಧಾನಕ್ಕೆ, ವಾಕರ್ ತಯಾರಿಸುವ ಕಂಪನಿಯೊಂದರ ಖರೀದಿ ಮುಖ್ಯಸ್ಥೆಯಾದ ನನ್ನ ನಮಸ್ಕಾರಗಳು. ಇಷ್ಟು ವರ್ಷ ತಮ್ಮ ಋಣದ ಅನ್ನ ಉಂಡೂ ಒಮ್ಮೆಯೂ ಮುಖ ನೋಡಲು ಬರಲಿಲ್ಲ, ಕ್ಷಮಿಸಬೇಕು. ತಾವು ಇದ್ದೀರಿ ಎಂಬುದೇ ನನಗೆ ತಿಳಿದಿರಲಿಲ್ಲ.

ವಿಷಯ ಇಷ್ಟು. ನಮ್ಮ ವಾಕರಿಗೆ ನಾಲ್ಕು ಕಾಲು, ಪ್ರತಿ ಕಾಲಿನ ತುದಿಗೂ ಜಾರದಂತೆ ಒಂದು ರಬ್ಬರ್ ಟೋಪಿ. ಈ ಟೋಪಿಗೆ ಒಬ್ಬರನ್ನೇ ನೆಚ್ಚಿಕೊಂಡರೆ ಅವರು ಕೈಕೊಟ್ಟ ದಿನ ಕಾರ್ಖಾನೆಯೇ ಕುಂಟುತ್ತದೆಂದು ನಮ್ಮ ನಿರ್ದೇಶಕರು ಹೆದರಿದ್ದರಿಂದ, ನಾನು ಮೂವರು ಪೂರೈಕೆದಾರರನ್ನು ಆರಿಸಿದೆ: ಒಬ್ಬರು ಪೇಟೆಯವರು, ಇನ್ನೊಬ್ಬರು ನದಿಯಾಚೆಯವರು, ಮತ್ತೊಬ್ಬರು ಹೆದ್ದಾರಿ ಪಕ್ಕದವರು. ನದಿ ಉಕ್ಕಿದರೆ ಪೇಟೆಯವರಿದ್ದಾರೆ, ಪೇಟೆ ಮುಚ್ಚಿದರೆ ಹೆದ್ದಾರಿಯವರಿದ್ದಾರೆ. ಮೂವರ ಮಾದರಿಗಳನ್ನೂ ಮೇಜಿನ ಮೇಲಿಟ್ಟಾಗ ಮೂರರ ಅಂಚಿನಲ್ಲೂ ಒಂದೇ ಜಾಗದಲ್ಲಿ ಇಲಿ ಕಡಿದಂಥ ಸಣ್ಣ ಕಚ್ಚು ಕಂಡಿತು. ಬುದ್ಧಿಯಿದ್ದವರಿಗೆ ಅಲ್ಲೇ ಅನುಮಾನ ಬರುತ್ತಿತ್ತು. ನಾನಾದರೋ ಮೂರನ್ನೂ ಸಭೆಯಲ್ಲಿ ಎತ್ತಿ ಹಿಡಿದು, ಕಚ್ಚಿನವರೆಗೂ ಒಂದೇ ಗುಣಮಟ್ಟ ಕಾಯ್ದುಕೊಂಡಿದ್ದಾರೆ ನೋಡಿ ಎಂದು ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು. ಅದು ತಮ್ಮ ಅಚ್ಚಿನ ಅಂಚು ಒಳಕ್ಕೆ ನೆಗ್ಗಿದ್ದರ ಗುರುತೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೋದ ವಾರ ತಾವು ಎಣ್ಣೆ ಕಾರಿಕೊಂಡು ಮಲಗಿದಿರಿ. ಅದೇ ಬೆಳಗ್ಗೆ ಪೇಟೆಯವರು ಕೆಲಸಗಾರರಿಗೆಲ್ಲ ಜ್ವರ ಎಂದರು, ನದಿಯಾಚೆಯವರು ಸೇತುವೆ ಕೆಟ್ಟಿದೆ ಎಂದರು, ಹೆದ್ದಾರಿಯವರು ಫೋನನ್ನೇ ಎತ್ತಲಿಲ್ಲ. ಇತ್ತ ಸೊಂಟ ಮುರಿದುಕೊಂಡ ನನ್ನ ಅತ್ತೆ, ನಾವೇ ವಾಕರ್ ಕಳಿಸಬೇಕಾದ ಆಸ್ಪತ್ರೆಯಲ್ಲಿ ಮಲಗಿದ್ದರು. ವಾಕರ್ ಹಿಡಿದು ನಡೆದು ತೋರಿಸದೆ ಡಾಕ್ಟರು ಮನೆಗೆ ಬಿಡುವವರಲ್ಲ. ಬೇರೆ ಕಂಪನಿಯದನ್ನು ತರಲೇ ಎಂದರೆ, ಸೊಸೆ ಮಾಡಿಸಿದ್ದೇ ಬೇಕೆಂದು ಹಟ, ಏಕೆಂದರೆ ವಾರ್ಡಿಗೆಲ್ಲ ಆಗಲೇ ನನ್ನನ್ನು ಹೊಗಳಿ ಮುಗಿಸಿದ್ದರು. "ಏನಮ್ಮಾ, ನಿನ್ನ ಕಂಪನಿ ನಂಬ್ಕೊಂಡು ನಾನಿಲ್ಲೇ ಬೇರು ಬಿಡ್ಲಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಮನೆಯಲ್ಲಿ ಅವರ ಗದ್ದಲವಿಲ್ಲದೆ ನನಗೆ ಊಟವೇ ಸೇರುತ್ತಿರಲಿಲ್ಲ.

ಕೆಟ್ಟ ಸೇತುವೆಯನ್ನು ಕಣ್ಣಾರೆ ಕಂಡೇ ಬರೋಣವೆಂದು ಹೊರಟವಳು, ಅದನ್ನು ಸರಾಗವಾಗಿ ದಾಟಿ, ನದಿಯಾಚೆಯವರ ಗೋದಾಮಿನ ಕಾವಲುಗಾರ ಹೇಳಿದ ವಿಳಾಸ ಹಿಡಿದು ಸುತ್ತಿ ಸುತ್ತಿ ಕೊನೆಗೆ ನಮ್ಮದೇ ಕಾರ್ಖಾನೆಯ ಹಿಂದಿನ ಬೀದಿಗೆ ಬಂದು ನಿಂತೆ. ತಮ್ಮ ಎದುರಿನ ಬೆಂಚಿನ ಮೇಲೆ ನನ್ನ ಮೂವರು ಪೂರೈಕೆದಾರರೂ ರೋಗಿಯ ನೆಂಟರ ಹಾಗೆ ಮುಖ ಸಪ್ಪಗೆ ಮಾಡಿಕೊಂಡು ಸಾಲಾಗಿ ಕೂತಿದ್ದರು. ಬೀದಿಯವರೆಲ್ಲ ರಬ್ಬರ್ ಮಾವ ಎಂದು ಕರೆಯುವ ತಮ್ಮ ಯಜಮಾನರು ತಲೆಯೆತ್ತದೆ, "ನಾಲ್ಕನೆಯವರಾ? ಸ್ವಲ್ಪ ಸರಿದು ಜಾಗ ಕೊಡ್ರಪ್ಪಾ" ಎಂದರು. ನಾನೂ ಕೂತೆ.

ತಮ್ಮ ಹೊಟ್ಟೆಯೊಳಗೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯೊಂದು ಹರಿದಿದೆಯಂತೆ. ಎಲ್ಲಿ ಸಿಗುತ್ತದೆ, ಈಗಲೇ ತರಿಸುತ್ತೇನೆ ಎಂದೆ. ಮಾವ ಯಂತ್ರ ಮಹಾಶಯರಾದ ತಮ್ಮತ್ತಲೇ ಬೆರಳು ತೋರಿಸಿ, "ಇದೇ ಮಾಡ್ಕೋಬೇಕು. ಇದರ ಅಳತೆಯ ಅಚ್ಚು ಇನ್ಯಾರ ಹತ್ರ ಇದೆ?" ಎಂದರು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂಬ ಗಾದೆಗೆ ಇಷ್ಟು ಭಾರಿ ಕಬ್ಬಿಣದ ಉದಾಹರಣೆಯನ್ನು ನಾನು ಕಂಡಿರಲಿಲ್ಲ. ಕೊನೆಗೆ ಲಾರಿಯ ಹಳೇ ಟ್ಯೂಬು ಕತ್ತರಿಸಿ ತುರುಕಿದ ಮೇಲೆ ತಾವು ನರಳುತ್ತ ಎದ್ದು, ಮೊದಲು ತಮ್ಮ ಬಳೆಯನ್ನು ಒತ್ತಿಕೊಂಡು, ಆಮೇಲೆ ನಮ್ಮ ಟೋಪಿಗಳಿಗೆ ಮನಸ್ಸು ಮಾಡಿದಿರಿ. ನಾವು ನಾಲ್ವರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು.

ಆದಕಾರಣ ನನ್ನ ವಿನಮ್ರ ಕೋರಿಕೆಗಳನ್ನು ಪರಿಶೀಲಿಸಬೇಕು. ಮುಂದೆ ಕೆಡಬೇಕೆನಿಸಿದರೆ ತಾವು ದಯವಿಟ್ಟು ಮೂರರಲ್ಲಿ ಒಂದು ಪಾಲು ಮಾತ್ರ ಕೆಡಬೇಕು. ಪೇಟೆಯವರ ಪಾಲಿಗೆ ಮಲಗಿರುವಾಗಲೂ ಉಳಿದಿಬ್ಬರ ಪಾಲಿಗೆ ಗಟ್ಟಿಮುಟ್ಟಾಗಿರಬೇಕು. ಕಾಯಿಲೆ ಬರುವ ಮುನ್ನಾದಿನ ಕಚೇರಿ ವೇಳೆಯಲ್ಲಿ ತಿಳಿಸಿದರೆ ಅನುಕೂಲ. ಸಾಧ್ಯವಾದರೆ ಒಂದು ಮರಿ ಹಾಕಿ, ಅದನ್ನು ನದಿಯಾಚೆ ಸಾಕಲು ಕೊಡಿ. ನೆಗ್ಗಿದ ಆ ಅಂಚನ್ನು ಮಾತ್ರ ದಯಮಾಡಿ ಸರಿಪಡಿಸಿಕೊಳ್ಳಬೇಡಿ, ಇನ್ನು ಮೇಲೆ ನಾನು ನಂಬುವ ಗುರುತು ಅದೊಂದೇ.

ಮೂವರನ್ನು ನಂಬಿದ್ದೇನೆಂದು ತಮ್ಮೊಬ್ಬರನ್ನೇ ನಂಬಿದ್ದ,
ತಮ್ಮ ವಿಶ್ವಾಸಿ,
ಖರೀದಿ ಮುಖ್ಯಸ್ಥೆ

ಮರೆತ ಮಾತು: ಅತ್ತೆ ಮನೆಗೆ ಬಂದಿದ್ದಾರೆ, ವಾಕರ್ ಟಕಟಕ ಅನ್ನಿಸಿಕೊಂಡು ಅಡುಗೆಮನೆಯವರೆಗೂ ಬಂದು ನನ್ನ ತಪ್ಪು ಹಿಡಿಯುತ್ತಿದ್ದಾರೆ, ಮನೆ ಮನೆಯಂತಾಗಿದೆ. ಇಷ್ಟೆಲ್ಲ ಆದ ಮೇಲೆ ನಿರ್ದೇಶಕರು ಬೆಚ್ಚಿ, ಸಮುದ್ರದಾಚೆಯ ನಾಲ್ಕನೆಯ ಪೂರೈಕೆದಾರರನ್ನು ಗೊತ್ತುಮಾಡಿಸಿದ್ದಾರೆ. ಅವರ ಮಾದರಿ ನಿನ್ನೆ ಚಂದದ ಪೆಟ್ಟಿಗೆಯಲ್ಲಿ ಬಂತು, ಮನೆಗೆ ತಂದೆ. ತಮ್ಮ ಕಥೆಯನ್ನೆಲ್ಲ ನನ್ನಿಂದ ಕೇಳಿದ್ದ ಅತ್ತೆ ಅದನ್ನು ಕೈಗೆತ್ತಿಕೊಂಡು, ಅಂಚಿನ ಕಚ್ಚಿನ ಮೇಲೆ ಬೆರಳಾಡಿಸಿ, ವಾಕರಿನ ಕಾಲಿಗೊಮ್ಮೆ ಹಿಡಿದು ನೋಡಿ ಹೇಳಿದರು: "ಪಾಪ, ಹಿಂದಿನ ಬೀದಿಯಿಂದ ಹೊರಟು ಸಮುದ್ರ ಸುತ್ತಿ ಬಂದಿದೆ. ಮೊದ್ಲು ಅದನ್ನ ಕೂರ್ಸಿ ಒಂದ್ಲೋಟ ನೀರು ಕೊಡಮ್ಮಾ."