ರಷ್ಯನ್ ಭಾಷೆಯೂ ನನ್ನ ಬಾಮೈದನೂ

ಕನ್ನಡ ಬಲ್ಲವರಿಗೆ ರಷ್ಯನ್ ಅತ್ಯಂತ ಸುಲಭ. ಈ ಸತ್ಯವನ್ನು ಕಂಡುಹಿಡಿದವನು ನಾನು. ‘ಇದು ಮನೆ’ ಎನ್ನುವುದಕ್ಕೆ ಇಂಗ್ಲಿಷಿನವರಿಗೆ ನಡುವೆ ಒಂದು ‘ಈಸ್’ ಬೇಕು. ಕನ್ನಡಕ್ಕೆ ಬೇಡ. ರಷ್ಯನ್ನಿಗೂ ಬೇಡ. ‘ಎತ ದೋಮ್’ ಅಂದರೆ ಮುಗಿಯಿತು, ಇದು ಮನೆ. ನಮ್ಮಲ್ಲಿ ನೀನು, ನೀವು ಇರುವಂತೆ ಅವರಲ್ಲೂ ಎರಡು ಉಂಟು. ಇಷ್ಟು ಹತ್ತಿರದ ನೆಂಟಸ್ತಿಕೆ ಇದ್ದೂ ಈ ಎರಡು ಭಾಷೆಗಳು ಹೋಗಿಬಂದು ಮಾಡಿಕೊಂಡಿಲ್ಲವಲ್ಲ ಎಂದು ನನಗೆ ವ್ಯಥೆಯಾಗುತ್ತಿತ್ತು.

ನಾನು ಹಳೇಬೀಡಿನಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ರಷ್ಯನ್ನನ್ನು ಕಲಿತದ್ದು ಪುಸ್ತಕದಿಂದ. ಹಾಸನದಲ್ಲಿ ನಡೆದ ಯಾವುದೋ ಪ್ರದರ್ಶನದಲ್ಲಿ ಕೊಂಡದ್ದು. ಪುಸ್ತಕ ದಪ್ಪ, ಬೆಲೆ ತೆಳ್ಳಗೆ. ನಿಧಾನವಾಗಿ ಓದಿದೆ. ಭವಿಷ್ಯತ್ ಕಾಲದ ಪಾಠಕ್ಕೆ ಬರುವಷ್ಟರಲ್ಲಿ ಆ ಪುಸ್ತಕ ಅಚ್ಚು ಹಾಕಿದ ದೇಶವೇ ಒಡೆದುಹೋಗಿ ಇರಲಿಲ್ಲ. ಹೀಗಾಗಿ ಭೂತ ಮತ್ತು ವರ್ತಮಾನಗಳಲ್ಲಿ ಮಾತ್ರ ನಾನು ಪಂಡಿತ. ಒಬ್ಬ ರಷ್ಯನ್ನನ ಜೊತೆಯಲ್ಲಿ ಒಂದು ಮಾತನ್ನೂ ಆಡಿರಲಿಲ್ಲ ಎಂಬುದು ನಿಜ. ಆಗ ಅದೊಂದು ಕೊರತೆ ಎಂದು ಅನಿಸಿರಲಿಲ್ಲ.

ಇಸವಿ ಎರಡು ಸಾವಿರದ ಏಳೋ ಎಂಟೋ. ನನ್ನ ಹೆಂಡತಿ ಸುಮಿತ್ರಳ ತಮ್ಮ ರಂಗಸ್ವಾಮಿ ನಮ್ಮೂರ ಗುಡಿಯಲ್ಲಿ ಗೈಡು. ನಲವತ್ತು ದಾಟಿದವನು. ಅವನ ಇಂಗ್ಲಿಷಿನ ಪೂರ್ಣಪಾಠ ಹೀಗಿತ್ತು: ದಿಸ್ ಶಿವ. ದಿಸ್ ಎಲಿಫೆಂಟ್. ದಿಸ್ ಆಲ್ಸೋ ಎಲಿಫೆಂಟ್. ಡಿಗ್ರಿ ಮಾಡಿದ ಹೊಸ ಗೈಡುಗಳು ಬಂದ ಮೇಲೆ ಫಾರಿನ್ನಿನವರು ಅವನ ಕಡೆ ತಿರುಗುವುದನ್ನು ಬಿಟ್ಟರು. ಸ್ಕೂಲು ಮಕ್ಕಳ ಟೂರು ಬಂದರೆ ಉಂಟು, ಇಲ್ಲದಿದ್ದರೆ ನಂದಿಯ ನೆರಳಲ್ಲಿ ಕೂತಿರುತ್ತಿದ್ದ.

ಒಂದು ಸಂಜೆ ಬಂದು ನಮ್ಮ ಜಗಲಿಯ ಮೇಲೆ ಕುಳಿತ.

“ಭಾವ, ಹಾಸನದ ಟ್ರಾವೆಲ್ಸಿನೋರು ಹೇಳ್ತಾವ್ರೆ, ಗೋವಾಕ್ಕೆ ಬರೋ ರಷ್ಯಾದೋರ್ನ ವಾರಕ್ಕೊಂದು ಬಸ್ಸು ಇತ್ಲಾಗೂ ಕಳಿಸ್ತಾರಂತೆ. ಯಾರಿಗೆ ಅವರ ಭಾಷೆ ಬತ್ತದೋ ಬಸ್ಸು ಅವರಿಗೇ ಅಂತೆ. ಇದೊಂದು ಆಗ್ಲಿಲ್ಲ ಅಂದ್ರೆ ನಾನು ಕಣಕಟ್ಟೆಗೆ ಹೋಗಿ ಮಾವನ ಮನೇಲಿ ಕಾಯಿ ಸುಲೀಬೇಕು.”

ಕಣಕಟ್ಟೆಯ ಮಾವನಿಗೆ ತೆಂಗಿನ ತೋಟವಿತ್ತು, ಗಂಡುಮಕ್ಕಳಿರಲಿಲ್ಲ. ಮದುವೆಯಾದಾಗಿನಿಂದ ಅಳಿಯನನ್ನು ಕರೆಯುತ್ತಲೇ ಇದ್ದ. ರಂಗನೂ ತಪ್ಪಿಸಿಕೊಳ್ಳುತ್ತಲೇ ಇದ್ದ. ಹೆಂಡತಿ ಮನೆಯಲ್ಲಿ ಉಣ್ಣುವವನ ತಟ್ಟೆಯನ್ನು ಊರೆಲ್ಲ ಇಣುಕಿ ನೋಡುತ್ತದೆ ಎಂದು ಅವನ ನಂಬಿಕೆ.

“ನಂಗೆ ನಾಕು ಮಾತು ಹೇಳ್ಕೊಡಿ ಭಾವ” ಅಂದ.

ಇಷ್ಟೇ ಅವನು ಕೇಳಿದ್ದು. ಹೇಳಿಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ತಲೆಯೊಳಗೆ ಒಂದು ದೀಪ ಹೊತ್ತಿಕೊಂಡಿತು. ಒಬ್ಬ ರಂಗನಿಗೇಕೆ? ಬೇಲೂರಿನಲ್ಲಿ, ಬಾದಾಮಿಯಲ್ಲಿ, ಹಂಪೆಯಲ್ಲಿ ಎಷ್ಟು ಮಂದಿ ರಂಗಸ್ವಾಮಿಗಳಿಲ್ಲ? ಪಾಠಗಳನ್ನು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಏರಿಸಿಬಿಟ್ಟರೆ ಬಡ ಗೈಡುಗಳ ಬಾಳು ಹಸನಾಗುವುದಿಲ್ಲವೆ? ಒಂದು ಮಸಾಲೆ ದೋಸೆಯ ಬೆಲೆಗೆ ಒಂದು ಪಾಠ ಎಂದು ಅಲ್ಲೇ ಘೋಷಿಸಿದೆ.

“ಎದುರಿಗೆ ಕೂತಿರೋನಿಗೆ ಹೇಳ್ಕೊಡೋಕೆ ಇಂಟರ್ನೆಟ್ ಯಾಕ್ರೀ?” ಎಂದಳು ಸುಮಿತ್ರ.

ದೂರದೃಷ್ಟಿ ಇಲ್ಲದವರಿಗೆ ಉತ್ತರ ಕೊಡಬಾರದು. ಕೊಡಲಿಲ್ಲ.

ಹಳೇಬೀಡಿನ ಫೋನ್ ಲೈನಿನಲ್ಲಿ ಆಗ ಒಂದು ಫೋಟೊ ತೆರೆಯುವಷ್ಟರಲ್ಲಿ ಅನ್ನ ಆಗಿಬಿಡುತ್ತಿತ್ತು. ಆದ್ದರಿಂದ ಭಾನುವಾರ ಜಾವಗಲ್ ಮೇಲಿನ ಬಸ್ಸು ಹಿಡಿದು ಅರಸೀಕೆರೆಗೆ ಹೋದೆ. ಬಸ್‌ಸ್ಟ್ಯಾಂಡಿನ ಪಕ್ಕ ಪ್ರಕಾಶ ಎಂಬಾತ ಎಸ್‌ಟಿಡಿ ಬೂತು ಇಟ್ಟಿದ್ದವನು ಅದನ್ನೇ ಸೈಬರ್ ಸೆಂಟರ್ ಮಾಡಿದ್ದ. ಕಂಪ್ಯೂಟರಿನ ತಲೆಯ ಮೇಲೆ ಕಪ್ಪೆಯ ಹಾಗೆ ಕೂತ ಒಂದು ಕ್ಯಾಮೆರಾ. ಅದರ ಮುಂದೆ ಕುಳಿತು, ಮಗಳ ಹಳೆಯ ಸ್ಲೇಟಿನ ಮೇಲೆ ಅಕ್ಷರ ಬರೆದು ತೋರಿಸುತ್ತ, ನಾನು ಭಾಷಾಬಾಂಧವ್ಯಕ್ಕೆ ಚಾಲನೆ ನೀಡಿದೆ.

ಕಪ್ಪೆ ಎಲ್ಲವನ್ನೂ ಕನ್ನಡಿಯಂತೆ ಎಡಬಲ ಮಾಡಿ ಹಿಡಿಯುತ್ತಿತ್ತು. ನನಗೆ ತಿಳಿಯಲಿಲ್ಲ. ರಷ್ಯನ್ನಿನ ‘ಯಾ’ ಎಂಬ ಅಕ್ಷರ ಇಂಗ್ಲಿಷಿನ ‘ಆರ್’ ಅಕ್ಷರವನ್ನು ತಿರುಗಿಸಿಟ್ಟ ಹಾಗೆ. ತಿರುಗಿದ್ದನ್ನು ಕಪ್ಪೆ ಮತ್ತೆ ತಿರುಗಿಸಿ ಅಪ್ಪಟ ಆರ್ ಮಾಡಿತು. ಮೊದಲ ಪಾಠದಲ್ಲಿ ನಾನು ಆರ್ ತೋರಿಸಿ, ಗಂಭೀರವಾಗಿ, “ಯಾ” ಅನ್ನುತ್ತೇನೆ.

ಒಮ್ಮೆ ಅರಸೀಕೆರೆಗೆ ಬಂದು ನೋಡಿದ ಸುಮಿತ್ರ, “ಇದನ್ನ ಕಲಿಯೋಕೆ ದುಡ್ಡು ಬೇರೆ ಕೊಡ್ಬೇಕಾ?” ಎಂದಳು.

ಶಬ್ದದ ವಿಷಯಕ್ಕೆ ಬಂದರೆ, ನನ್ನ ದನಿಗಿಂತ ಹೊರಗಿನ ಕಂಡಕ್ಟರನ ದನಿ ಸ್ಪಷ್ಟವಾಗಿತ್ತು. ಪ್ರತಿ ಕ್ರಿಯಾಪದದ ಹಿಂದೆ “ತಿಪ್ಟೂರ್ ತಿಪ್ಟೂರ್ ತಿಪ್ಟೂರ್.” ವಿಡಿಯೊ ಏರಿಸಿದ ಮೇಲೆ ಅದರ ಕೆಳಗೆ ಒಂದೇ ಒಂದು ಪ್ರತಿಕ್ರಿಯೆ ಬಂತು: ಕೊನೆಯ ಬಸ್ಸು ಎಷ್ಟು ಗಂಟೆಗೆ?

ಇನ್ನು ಅಗ್ಗದ ಮಾತು. ಪಾಠಕ್ಕೆ ದೋಸೆಯ ಬೆಲೆ. ಆದರೆ ಪಾಠ ಪರದೆಯ ಮೇಲೆ ತೊಟ್ಟು ತೊಟ್ಟಾಗಿ ಇಳಿಯುವುದನ್ನು ಕಾಯುತ್ತ ಪ್ರಕಾಶನಿಗೆ ತೆರುವ ಗಂಟೆ ಬಾಡಿಗೆಯಲ್ಲಿ ಒಂದು ಸಂಸಾರ ಹೋಟೆಲಿನಲ್ಲಿ ಊಟ ಮಾಡಬಹುದಿತ್ತು. ನನ್ನ ಏಕೈಕ ವಿದ್ಯಾರ್ಥಿ ರಂಗ. ಅವನು ಹಳೇಬೀಡಿನಲ್ಲಿ ನನ್ನ ಮನೆಯ ಮುಂದೆ ಬಸ್ಸು ಹತ್ತಿ, ಅರಸೀಕೆರೆಗೆ ಹೋಗಿ, ನನ್ನನ್ನು ನೋಡಿಕೊಂಡು ಬರುತ್ತಿದ್ದ.

ಒಮ್ಮೆ ಬಂದು, “ಭಾವ, ಮೂರನೇ ಪಾಠದಲ್ಲಿ ನೀವು ಬಾಯಿ ತಕ್ಕೊಂಡು ನಿಂತೇ ಬಿಟ್ರಿ. ಆಮ್ಯಾಕೆ ಏನಂದ್ರಿ?” ಎಂದು ಕೇಳಿದ.

“ಅದು ಕೋರ್ಸಿನಲ್ಲಿದೆ. ಮತ್ತೆ ಹೋಗಿ ನೋಡು” ಎಂದೆ.

ಕೊನೆಯ ಪಾಠದಲ್ಲಿ ನನ್ನ ಮಹಾಸೂತ್ರವನ್ನು ಬಿಟ್ಟುಕೊಟ್ಟೆ. ರಷ್ಯನ್ ಪದ ಮರೆತುಹೋದರೆ ಅಂಜಬೇಡಿ, ಕನ್ನಡ ಪದವನ್ನೇ ಧೈರ್ಯವಾಗಿ ಹೇಳಿ, ಬಂಧುಗಳು ಅರ್ಥಮಾಡಿಕೊಳ್ಳುತ್ತಾರೆ. ಈ ಒಂದು ಪಾಠ ಮಾತ್ರ ತಡೆಯಿಲ್ಲದೆ ಪೂರ್ತಿ ಇಳಿಯಿತಂತೆ.

ಬಸ್ಸು ಬಂದೇ ಬಂತು. ರಂಗ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಸುಸ್ವಾಗತ ಎಂದು ರಷ್ಯನ್ನಿನಲ್ಲಿ ಬರೆದ ಫಲಕ ಹಿಡಿದು ನಿಂತಿದ್ದ. ವಿಡಿಯೊ ನೋಡಿ ಬರೆದದ್ದು. ಬಲದಿಂದ ಎಡಕ್ಕೆ ಇತ್ತು. ಪ್ರವಾಸಿಗರು ಗುಡಿಗಿಂತ ಮೊದಲು ಫಲಕದ ಫೋಟೊ ತೆಗೆದುಕೊಂಡರು. ತಂಡದ ಮುಂದಾಳು ಕೆಂಪು ಹ್ಯಾಟಿನ ಒಬ್ಬ ಹೆಂಗಸು. ಎದೆ ಮುಟ್ಟಿಕೊಂಡು ನಗುತ್ತ, “ಯಾ ನೀನಾ” ಅಂದಳು. ನಾನು ನೀನಾ, ಎಂದು ಅರ್ಥ. ನೀನಾ ಅವಳ ಹೆಸರು.

ರಂಗ ನನ್ನ ಕಡೆ ತಿರುಗಿ, “ನೋಡಿದ್ರಾ ಭಾವ, ಬಸ್ಸಿಂದ ಇಳೀತಿದ್ದಂಗೆ ಏಕವಚನ” ಎಂದ. ಆದರೂ ಕಸುಬಿನ ಮರ್ಯಾದೆ ಬಿಡದೆ ಅವಳಿಗೆ ಕೈಮುಗಿದು, “ಹೂಂ, ನಾನೇ ಕಣಮ್ಮ” ಎಂದು ಉತ್ತರ ಕೊಟ್ಟ.

ಇಲ್ಲಿಂದ ಮುಂದೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಂತೆಲ್ಲ ಗುಡಿ ನಿಂತಿರುವ ಕಲ್ಲಿನ ಕಟ್ಟೆ, ಅಂದರೆ ಜಗತಿ, ಎತ್ತರವಾಗುತ್ತ ಬಂದಿದೆ. ಈಗ ನನ್ನ ಕಣ್ಣ ಮುಂದೆ ಬರುವುದು ಒಂದು ಬೆಟ್ಟ. ವಾಸ್ತವದಲ್ಲಿ ಅದು ಆಳೆತ್ತರವೂ ಇಲ್ಲ. ರಂಗನ ಪಕ್ಕದಲ್ಲೇ ನಿಂತಿದ್ದೆ ಎಂದು ನಾನು ಹೇಳುತ್ತೇನೆ. ನಂದಿಯ ಹಿಂದೆ ಅಡಗಿದ್ದಿರಿ ಎಂದು ಸುಮಿತ್ರ ಹೇಳುತ್ತಾಳೆ. ಅವಳು ಆ ದಿನ ಅಲ್ಲಿರಲೇ ಇಲ್ಲ ಎಂದು ನನ್ನ ವಾದ. ಹಾಗಿದ್ದರೆ ಊಟದ ಡಬ್ಬಿ ಯಾರು ತಂದದ್ದು ಎಂಬುದು ಅವಳ ಪ್ರಶ್ನೆ.

ಜಗತಿಯ ಮೇಲೆ, ಗೋಡೆಯ ಶಿಲ್ಪಗಳ ಮುಂದೆ ಎಲ್ಲರೂ ನಿಂತಿದ್ದರು. ರಂಗ ಕೋಣದ ಮೇಲೆ ಕುಳಿತ ಒಂದು ಮೂರ್ತಿಯ ಕಡೆ ಬೆರಳು ತೋರಿಸಿ, ಪುಸ್ತಕದ ಗತ್ತಿನಲ್ಲಿ, “ಎತ ಯಾಮ” ಎಂದ. ಇದು ಯಮ. ವ್ಯಾಕರಣ ಶುದ್ಧವಾಗಿತ್ತು. ಮಧ್ಯೆ ‘ಈಸ್’ ಕೂಡ ಇರಲಿಲ್ಲ.

ಬೆರಳು ಮೇಲಿತ್ತು. ತಂಡದವರೆಲ್ಲ ಕೆಳಗೆ ನೋಡಿದರು. ರಷ್ಯನ್ನಿನಲ್ಲಿ ‘ಯಾಮ’ ಎಂದರೆ ಗುಂಡಿ.

ನೀನಾ ಗುಂಡಿಯನ್ನು ಹುಡುಕುತ್ತ ಒಂದು ಹೆಜ್ಜೆ ಹಿಂದೆ ಇಟ್ಟಳು. ಅವಳ ಬೆನ್ನ ಹಿಂದೆ ಜಗತಿಯ ಅಂಚು. ರಂಗ ಅದನ್ನು ನೋಡಿದ. ಅಂಚಿನಿಂದ ಈಚೆ ಸರಿಯಿರಿ ಎನ್ನಬೇಕು, ಪದ ಬರಲಿಲ್ಲ, ಮಹಾಸೂತ್ರ ನೆನಪಾಯಿತು. ಎರಡೂ ಕೈ ಬೀಸಿ ಕೂಗಿದ:

“ದೂರ! ದೂರ! ದೂರ!”

ಆಮೇಲೆ ನಿಘಂಟು ನೋಡಿದೆ. ‘ದೂರ’ ಎಂದರೆ ದಡ್ಡಿ. ಹೆಂಗಸರಿಗೆ ಮಾತ್ರ ಅನ್ವಯಿಸುವ ಬೈಗುಳ.

ಆ ಹೆಂಗಸು ದಿಗ್ಭ್ರಮೆಯಿಂದ ಇನ್ನೊಂದು ಹೆಜ್ಜೆ ಹಿಂದೆ ಹೋದಳು, ಮತ್ತು ಕಾಣಿಸದಾದಳು. ಕೆಳಗೆ ಹುಲ್ಲಿತ್ತು. ದೇವರು ದೊಡ್ಡವನು. ಕಾಲು ಉಳುಕಿತ್ತು, ಹ್ಯಾಟು ಜಜ್ಜಿತ್ತು. ರಂಗ ಧುಮುಕಿ ಅವಳನ್ನು ಎತ್ತಲು ಹೋಗಿ, ಪಾಪ, ಮುಂದೆ ಹೀಗೆ ಅಂಚಿಗೆ ಹೋಗಬೇಡಿ ಎನ್ನುವ ಕಾಳಜಿಯಿಂದ, ಮೆಲ್ಲಗೆ, ಬಿಡಿಸಿ ಬಿಡಿಸಿ ಮತ್ತೆ ಅದೇ ಪದವನ್ನು ಹೇಳಿದ.

ಆಗ ನಾನು ಪ್ರವೇಶಿಸಿದೆ. ಎಲ್ಲಿಂದ ಎನ್ನುವುದು ಬೇಡ. ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ರಷ್ಯನ್ ಹೆಂಗಸಿನ ಎದುರು ನಿಂತಿದ್ದೆ. ಎದೆ ಸೆಟೆಸಿ, ಈ ಮನುಷ್ಯನ ಪರವಾಗಿ ಕ್ಷಮೆ ಕೋರುತ್ತೇನೆ, ಇವನು ಒಳ್ಳೆಯವನು, ಇವನಿಗೆ ಈ ಕೆಲಸ ಅಗತ್ಯ ಎಂದು ಮೂರು ದೀರ್ಘ ವಾಕ್ಯಗಳನ್ನು ಲಿಂಗ, ವಚನ, ವಿಭಕ್ತಿ ತಪ್ಪದಂತೆ ಹೇಳಿದೆ. ಅವಳು ನೋವನ್ನು ಮರೆತು ಗಮನವಿಟ್ಟು ಕೇಳಿದಳು. ಮುಖ ಮೃದುವಾಯಿತು. ಆಮೇಲೆ ಬಸ್ಸಿನ ಜೊತೆ ಬಂದಿದ್ದ ಟ್ರಾವೆಲ್ಸಿನವನ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ಕನ್ನಡ ಭಾಷೆ ಕೇಳೋಕೆ ಬಹಳ ಇಂಪಾಗಿದೆ. ಏನು ಹೇಳ್ತಿದ್ದಾರೆ ಇವರು?” ಎಂದು ಕೇಳಿದಳು.

“ಏನಿಲ್ಲ ಮೇಡಂ, ಲೋಕಲ್‌ನೋರು” ಎಂದ ಟ್ರಾವೆಲ್ಸಿನವನು. ರಂಗನನ್ನು ಪಕ್ಕಕ್ಕೆ ಕರೆದು, “ಮುಂದಿನ ವಾರದಿಂದ ಮೈಸೂರಿಂದ ಒಬ್ರನ್ನ ಕರ್ಕೊಂಡೇ ಬರ್ತೀವಿ. ನೀವು ಬೇಜಾರು ಮಾಡ್ಕೋಬೇಡಿ” ಎಂದ. ರಂಗ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ತಲೆಯಾಡಿಸಿದ. ಬಸ್ಸು ಬೇಲೂರಿನ ಕಡೆ ತಿರುಗುವವರೆಗೂ ಆಡಿಸುತ್ತಲೇ ಇದ್ದ.

ಸ್ಕೂಲು ಟೂರುಗಳ ಕಾಲ ಮುಗಿಯುವುದನ್ನೂ ಕಾಯದೆ ಅವನು ಹೆಂಡತಿ ಮಕ್ಕಳೊಂದಿಗೆ ಕಣಕಟ್ಟೆಗೆ ಹೋದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ; ಅದು ಹಾಗೆಯೇ ಉಳಿಯಿತು.

ದಸರಾ ರಜೆಯಲ್ಲಿ ಸುಮಿತ್ರ ತಮ್ಮನನ್ನು ನೋಡಬೇಕೆಂದಳು. ಹೋದೆವು. ರಂಗ ತೋಟದ ಕೊಟ್ಟಿಗೆಯಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದ. ಅಕ್ಕನನ್ನು ನೋಡಿ ಎದ್ದು ಬಂದ, ಬೆವರು ಒರೆಸಿಕೊಂಡ.

“ಹೆಂಗಿದೀಯೋ?” ಎಂದಳು ಅವಳು.

“ಇದೀನಿ ಕಣಕ್ಕ. ಇಲ್ಲಿ ಮಾತಾಡೋ ಕೆಲ್ಸ ಇಲ್ಲ” ಎಂದ.

ಅವನ ಮಾವ ಮಾತ್ರ ಬಲು ಹುರುಪಿನಲ್ಲಿದ್ದ. ನನ್ನ ಕೈಹಿಡಿದು ಜಗಲಿಗೆ ಕರೆದೊಯ್ದು ಚಾಪೆ ಹಾಸಿಸಿದ. “ಮೇಷ್ಟ್ರೇ, ವರ್ಷಾನುಗಟ್ಲೆ ಕರೆದೆ, ಬರ್ಲಿಲ್ಲ ಆಸಾಮಿ. ಸಂಬಳ ಕೊಟ್ರೂ ಇಂಥ ಆಳು ಸಿಕ್ಕಲ್ಲ ಈಗ. ಅದೇನು ಪಾಠ ಮಾಡುದ್ರೋ ಕಾಣೆ, ನಿಮ್ಮಿಂದ ಬಂದ” ಎಂದು ಎರಡು ದಪ್ಪ ತೆಂಗಿನಕಾಯಿ ತಂದು ನನ್ನ ಮಡಿಲಿಗಿಟ್ಟ. “ಗುರುದಕ್ಷಿಣೆ ಅಂದ್ಕೊಳ್ಳಿ.”

ಬಸ್ಸಿನಲ್ಲಿ ಸುಮಿತ್ರ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಕಾಯಿಗಳನ್ನು ಅವಳ ಚೀಲಕ್ಕೆ ಹಾಕಲು ಹೋದೆ. ಚೀಲದ ಬಾಯಿ ಮುಚ್ಚಿಕೊಂಡಳು. ಹಳೇಬೀಡಿನವರೆಗೂ ತೊಡೆಯ ಮೇಲೆ ಎರಡು ಕಾಯಿ ಇಟ್ಟುಕೊಂಡು, ರಸ್ತೆ ಎತ್ತಿಹಾಕಿದಾಗಲೆಲ್ಲ ಅವು ಉರುಳದಂತೆ ತಬ್ಬಿಕೊಂಡು ಬಂದೆ.

ದಾರಿಯಲ್ಲಿ ಒಮ್ಮೆ, “ಕಾಯಿ ಚೆನ್ನಾಗಿ ಸುಲಿದಿದಾನೆ” ಎಂದೆ.

ಅದನ್ನೂ ಹೇಳಬಾರದಿತ್ತು.